ಸಹಾಯ ಬೇಕು: ಮುಳಶಿ–ತಾಮ್ಹಿಣಿ ಕಡೆ ಮಣ್ಣಿನ ದಾರಿ

ಪುಣೆಯ ಕನ್ನಡಿಗರೇ, ಪೌಡ್ ದಾಟಿ ಮುಳಶಿ, ತಾಮ್ಹಿಣಿ ಘಾಟ್ ಕಡೆ ಗ್ರ್ಯಾವಲ್ ಸೈಕಲ್‌ನಲ್ಲಿ (ಮಣ್ಣು, ಜಲ್ಲಿ ದಾರಿಗೂ ಆಗುವ ಅಗಲ ಟೈರಿನ ಸೈಕಲ್) ಹೋಗುವವರು ಯಾರಾದ್ರೂ ಇದ್ದೀರಾ? ಶನಿವಾರ, ಭಾನುವಾರ ಡಾಂಬರು ರಸ್ತೆಯಲ್ಲಿ ಕಾರುಗಳು ತುಂಬಾ ಜಾಸ್ತಿ, ಅದಕ್ಕೆ ಮುಳಶಿ ಅಣೆಕಟ್ಟಿನ ಹಿನ್ನೀರಿನ ಅಂಚಲ್ಲಿ ಹಳ್ಳಿಯಿಂದ ಹಳ್ಳಿಗೆ ಹೋಗುವ ಮಣ್ಣಿನ ದಾರಿ ಹುಡುಕುತ್ತಿದ್ದೇನೆ. ನನ್ನದು 40 ಮಿಮೀ ಟೈರು, ಟ್ಯೂಬ್‌ಲೆಸ್. ಮುರುಮ್ (ಜಲ್ಲಿ ಬೆರೆತ ಗಟ್ಟಿ ಮಣ್ಣು) ಹಾಕಿದ ದಾರಿ ಆದ್ರೆ ತೊಂದರೆ ಇಲ್ಲ. ಚೂಪು ಜಲ್ಲಿ ಎದ್ದಿರುವ ಕಡಿದಾದ ಇಳಿಜಾರು ಮಾತ್ರ ಬೇಡ, ಅಲ್ಲಿ ಬ್ರೇಕ್ ಹಿಡಿದರೆ ಮುಂದಿನ ಚಕ್ರವೇ ಜಾರುತ್ತದೆ. ತಾಮ್ಹಿಣಿಯಲ್ಲಿ ಅಭಯಾರಣ್ಯವೂ ಇದೆ ಅಲ್ವಾ, ಸುಮ್ನೆ ಕಾಡೊಳಗೆ ನುಗ್ಗುವುದು ಸರಿಯಲ್ಲ. ಸೈಕಲ್‌ಗೆ ಅನುಮತಿ ಇರುವ ದಾರಿ ಯಾವುದು ಅಂತ ಹೋಗಿ ಬಂದವರೇ ದಯವಿಟ್ಟು ಹೇಳಿ. ಮಳೆ ನಿಂತ ಮೇಲೆ, ಅಕ್ಟೋಬರ್ ಕೊನೆಗೆ ಹೊರಡುತ್ತೇನೆ. ಜಿಪಿಎಕ್ಸ್ ಫೈಲ್ (ಜಿಪಿಎಸ್‌ನಲ್ಲಿ ದಾರಿ ತೋರಿಸುವ ಫೈಲ್) ಇದ್ದರೆ ಹಾಕಿ, ಕುಡಿಯುವ ನೀರು ಎಲ್ಲಿ ಸಿಗುತ್ತದೆ ಅನ್ನುವುದನ್ನೂ ತಿಳಿಸಿ. ಜೊತೆಗೆ ಬರುವವರಿದ್ದರೆ ಇನ್ನೂ ಖುಷಿ.