ಅಪ್‌ಡೇಟ್: ನರ್ಸಿಂಗ್ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಓದು ಕಲಿಸುವ ಬಗ್ಗೆ

ನನ್ನ ನರ್ಸಿಂಗ್ ವಿದ್ಯಾರ್ಥಿಗಳು ಪ್ರತಿ ಪದಕ್ಕೂ ನಿಘಂಟು ತೆರೆಯುತ್ತಾರೆ, ಪುಟ ಮುಗಿಯುವಷ್ಟರಲ್ಲಿ ಮೊದಲ ಸಾಲೇ ಮರೆತಿರುತ್ತದೆ, ಏನು ಮಾಡಲಿ ಎಂದು ಹಿಂದೆ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಸಾರೆ ಧನ್ಯವಾದ.

ಪದಗಳನ್ನು ಒಡೆದು ಓದಿಸಿ ಎಂಬ ಸಲಹೆ ನಿಜಕ್ಕೂ ಫಲ ಕೊಟ್ಟಿತು. ‘ಹೈಪೊಗ್ಲೈಸೀಮಿಯಾ’ ಎಂದು ಬೋರ್ಡಿನ ಮೇಲೆ ಬರೆದು ಮೂರು ತುಂಡು ಮಾಡಿದೆ: ಹೈಪೊ ಎಂದರೆ ಕಡಿಮೆ, ಗ್ಲೈಸ್ ಎಂದರೆ ಸಕ್ಕರೆ, ಈಮಿಯಾ ಎಂದರೆ ರಕ್ತದ ಸ್ಥಿತಿ. ಅಲ್ಲಿಯವರೆಗೂ ತರಗತಿಯಲ್ಲಿ ಬಾಯಿಯೇ ಬಿಡದಿದ್ದ ಹುಡುಗಿಯೊಬ್ಬಳು, ‘ಅನೀಮಿಯಾದಲ್ಲಿ ಇರುವುದೂ ಇದೇ ಈಮಿಯಾವೇ, ಮೇಡಂ?’ ಎಂದಳು. ನನಗೆ ಕಣ್ಣು ತುಂಬಿ ಬಂತು. ಹೈಪೊ, ಹೈಪರ್ (ಅಂದರೆ ಹೆಚ್ಚು) ಎರಡನ್ನೂ ಈಗ ಅಕ್ಕಪಕ್ಕವೇ ಬರೆಸುತ್ತೇನೆ. ಅಲ್ಲಿ ಕಣ್ಣು ತಪ್ಪಿದರೆ ಅರ್ಥವೇ ತಿರುವುಮುರುವು.

ಶೀರ್ಷಿಕೆ ನೋಡಿ ಬೇಗ ಕಣ್ಣಾಡಿಸುವ ಅಭ್ಯಾಸ ಪಠ್ಯಪುಸ್ತಕಕ್ಕೆ ಒಗ್ಗಿತು. ಆದರೆ ಔಷಧದ ಮಾಹಿತಿ ಪತ್ರವನ್ನೂ ಅವರು ಹಾಗೆಯೇ ಓಡಿಸಿಬಿಟ್ಟರು. ‘ಅನ್‌ಲೆಸ್’ (ಹೊರತು) ಎಂಬ ಒಂದೇ ಪದ ಕಣ್ತಪ್ಪಿ, ಅರ್ಧ ತರಗತಿ ತಲೆಕೆಳಗಾದ ಉತ್ತರ ಬರೆಯಿತು. ತಪ್ಪು ನನ್ನದೇ, ಎಲ್ಲಿ ನಿಧಾನಿಸಬೇಕೆಂದು ನಾನು ಹೇಳಿರಲಿಲ್ಲ. ಈಗ ಓದುವ ಮೊದಲು ‘ಇದನ್ನು ಯಾವುದಕ್ಕಾಗಿ ಓದುತ್ತಿದ್ದೇವೆ?’ ಎಂದು ಕೇಳುತ್ತೇನೆ. ಡೋಸ್ ಮತ್ತು ಎಚ್ಚರಿಕೆ ಇರುವಲ್ಲಿ ಬೆರಳಿಟ್ಟು ಓದಬೇಕು. ನಾಟ್, ಅನ್‌ಲೆಸ್, ಎಕ್ಸೆಪ್ಟ್ ಕಂಡಲ್ಲೆಲ್ಲ ಪೆನ್ಸಿಲ್ ಗೆರೆ ಬೀಳಬೇಕು.

ನಿಘಂಟನ್ನು ಪೂರ್ತಿ ಬಿಡಿಸಿಲ್ಲ, ಪುಟಕ್ಕೆ ಮೂರೇ ಪದ ಎಂದಿದ್ದೇನೆ. ಯಾವ ಮೂರು ಎಂಬ ಚರ್ಚೆಯೇ ಒಳ್ಳೆಯ ಪಾಠವಾಗುತ್ತಿದೆ. ರೋಗಿಯ ವಿವರ ಬರೆಯುವ ಕೇಸ್ ಶೀಟ್‌ಗಳ ಸಂಕ್ಷಿಪ್ತ ರೂಪಗಳು ಇನ್ನೂ ಬಾಕಿ. ಮುಂದಿನ ವಾರ ಅವನ್ನು ಶುರು ಮಾಡುತ್ತೇನೆ.