ಸಹಾಯ ಬೇಕು: ಸಿಂಥಸೈಜರ್‌ಗಿಂತ ಹಿಂದಿನ ಟೇಪ್ ಸಂಗೀತದ ಬಗ್ಗೆ

ಮಾನ್ಯ ಸದಸ್ಯರೇ,

1963ರಲ್ಲಿ ಬಿಬಿಸಿಯ ಎಲೆಕ್ಟ್ರಾನಿಕ್ ಧ್ವನಿ ವಿಭಾಗವಾದ ರೇಡಿಯೋಫೋನಿಕ್ ವರ್ಕ್‌ಶಾಪ್‌ನಲ್ಲಿ, ರಾನ್ ಗ್ರೈನರ್ ಅವರ ರಚನೆಯನ್ನು ಆಧರಿಸಿ ಡೀಲಿಯಾ ಡರ್ಬಿಶೈರ್ ಅವರು ರೂಪಿಸಿದ ‘ಡಾಕ್ಟರ್ ಹೂ’ ಟಿವಿ ಧಾರಾವಾಹಿಯ ಶೀರ್ಷಿಕೆ ಸಂಗೀತದ ತಯಾರಿಕೆಯನ್ನು ಅರ್ಥಮಾಡಿಕೊಳ್ಳಲು ನಿಮ್ಮ ನೆರವು ಬೇಕಾಗಿದೆ. ಮೀಟಿದ ಒಂದು ತಂತಿಯ ನಾದ, ಆಸಿಲೇಟರ್‌ಗಳ (ವಿದ್ಯುತ್ತಿನಿಂದ ಸ್ವರ ಹೊರಡಿಸುವ ಉಪಕರಣಗಳ) ಧ್ವನಿ ಮತ್ತು ಬಿಳಿ ಗದ್ದಲವನ್ನು (ವೈಟ್ ನಾಯ್ಸ್, ಅಂದರೆ ಎಲ್ಲ ಶ್ರುತಿಗಳೂ ಬೆರೆತ ‘ಸ್ಸ್’ ಎಂಬ ಸದ್ದನ್ನು) ಟೇಪಿನಲ್ಲಿ ಮುದ್ರಿಸಿ, ವೇಗ ಬದಲಿಸಿ ಶ್ರುತಿಯನ್ನು ಏರಿಳಿಸಿ, ಒಂದೊಂದು ಸ್ವರವನ್ನೂ ಬೇಕಾದ ಉದ್ದಕ್ಕೆ ಕತ್ತರಿಸಿ ಅಂಟಿಸಿದರು ಎಂಬಷ್ಟು ನನಗೆ ತಿಳಿದಿದೆ. (ಇಂದಿನ ಎಷ್ಟೋ ಎಲೆಕ್ಟ್ರಾನಿಕ್ ಸಂಗೀತ ಇದರ ಮುಂದೆ ಹಳತಾಗಿ ಕೇಳಿಸುತ್ತದೆ ಎಂಬುದು ನನ್ನ ಅಭಿಪ್ರಾಯ.)

ನನ್ನ ಪ್ರಶ್ನೆ ಲಯದ ಕುರಿತಾದುದು. ಹಲವು ಧ್ವನಿಗಳನ್ನು ಒಂದೇ ಟೇಪಿನಲ್ಲಿ ಬೇರೆಬೇರೆಯಾಗಿ ಮುದ್ರಿಸುವ ಬಹುಪಥ (ಮಲ್ಟಿಟ್ರ್ಯಾಕ್) ಧ್ವನಿಮುದ್ರಣ ಯಂತ್ರವಿಲ್ಲದೆ, ಬೇರೆ ಬೇರೆ ಯಂತ್ರಗಳಲ್ಲಿನ ಟೇಪುಗಳನ್ನು ಒಟ್ಟಿಗೆ ಓಡಿಸಿ ಮಿಶ್ರಣ ಮಾಡುವಾಗ, ಯಂತ್ರಗಳ ವೇಗದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ತಾಳ ತಪ್ಪುತ್ತದೆಯಲ್ಲವೇ? ಅದನ್ನು ಸರಿಪಡಿಸುವ ಬಗೆ ಹೇಗೆ? ಟೇಪ್ ಯಂತ್ರಗಳೊಂದಿಗೆ ಕೆಲಸ ಮಾಡಿದವರು ದಯವಿಟ್ಟು ವಿವರಿಸಬೇಕು.

ಜೊತೆಗೆ, 1964ಕ್ಕಿಂತ ಮೊದಲಿನ ಇಂತಹ ಕೃತಿಗಳನ್ನು ಸೂಚಿಸಿದರೆ ಉಪಕಾರವಾಗುತ್ತದೆ. ಲೂಯಿಸ್ ಮತ್ತು ಬೆಬೆ ಬ್ಯಾರನ್ ದಂಪತಿ 1956ರ ‘ಫರ್ಬಿಡನ್ ಪ್ಲಾನೆಟ್’ ಚಿತ್ರಕ್ಕಾಗಿ ವಿದ್ಯುನ್ಮಂಡಲಗಳಿಂದ ಹೊರಡಿಸಿದ ನಾದಗಳನ್ನು ಈಗಾಗಲೇ ಕೇಳಿರುವುದರಿಂದ, ಅದನ್ನು ಬಿಟ್ಟು ಬೇರೆಯವನ್ನು ತಿಳಿಸಿ.