ಮೇಲ್ಮನವಿಯಲ್ಲಿ ನೊಂದ ಮಹಿಳೆಯ ಸಾಕ್ಷ್ಯ: ಹೈಕೋರ್ಟ್ ಏನನ್ನು ತೂಗಿ ನೋಡುತ್ತದೆ?

ಪ್ರಶ್ನೆ: ಕಾನೂನು ವಿದ್ಯಾರ್ಥಿನಿ, ಹಾಸನ

ಅತ್ಯಾಚಾರ ಪ್ರಕರಣಗಳಲ್ಲಿ ನೊಂದ ಮಹಿಳೆಯ ಸಾಕ್ಷ್ಯವೊಂದೇ ಶಿಕ್ಷೆಗೆ ಸಾಕಾಗಬಹುದು ಎಂದು ಸುಪ್ರೀಂ ಕೋರ್ಟ್ ಹಲವು ಬಾರಿ ಹೇಳಿದೆ. ಆದರೂ ಅಂಥ ಸಾಕ್ಷ್ಯವನ್ನು ನಂಬಿ ಸೆಷನ್ಸ್ ನ್ಯಾಯಾಲಯ ವಿಧಿಸಿದ ಶಿಕ್ಷೆ ಮೇಲ್ಮನವಿಯಲ್ಲಿ ರದ್ದಾದ ತೀರ್ಪುಗಳೂ ಸಿಗುತ್ತವೆ. ಆಕೆ ಕಟಕಟೆಯಲ್ಲಿ ನಿಂತು ಮಾತನಾಡಿದ್ದನ್ನು ಕಂಡವರು ಇಲ್ಲಿನ ನ್ಯಾಯಾಧೀಶರು. ಬೆಂಗಳೂರಿನಲ್ಲಿ ಮೇಲ್ಮನವಿ ಕೇಳುವವರ ಮುಂದಿರುವುದು ಕಡತ ಮಾತ್ರ. ಹಾಗಿರುವಾಗ ನಂಬಬೇಕೋ ಬೇಡವೋ ಎಂಬುದನ್ನು ಅವರು ಯಾವ ಆಧಾರದ ಮೇಲೆ ತೀರ್ಮಾನಿಸುತ್ತಾರೆ?

ಉತ್ತರ: ವಕೀಲ, ಚಿಕ್ಕಮಗಳೂರು

ತಾವು ಹೇಳಿದ ಎರಡೂ ಬಗೆಯ ತೀರ್ಪುಗಳು ಒಂದೇ ನಿಯಮದಿಂದ ಹುಟ್ಟಿದವು. ಒಂದು ಸಂಗತಿಯನ್ನು ಸಾಬೀತುಪಡಿಸಲು ಇಂತಿಷ್ಟೇ ಸಾಕ್ಷಿಗಳು ಬೇಕೆಂದು ನಮ್ಮ ಸಾಕ್ಷ್ಯ ಕಾಯ್ದೆ ಎಂದೂ ಹೇಳಿಲ್ಲ. ಪೂರಕ ಸಾಕ್ಷ್ಯ, ಅಂದರೆ ಆಕೆಯ ಮಾತನ್ನು ಬೆಂಬಲಿಸುವ ಬೇರೆ ಪುರಾವೆ, ಹುಡುಕುವುದು ಎಚ್ಚರಿಕೆಯ ಕ್ರಮವೇ ಹೊರತು ಕಾನೂನಿನ ಕಟ್ಟಳೆಯಲ್ಲ ಎಂಬುದು 1952ರ ರಾಮೇಶ್ವರ್ ಪ್ರಕರಣದಿಂದಲೇ ಬಂದ ಮಾತು; ಆಕೆಯನ್ನು ಅಪರಾಧದ ಪಾಲುದಾರಳಂತೆ ಶಂಕಿಸದೆ ಗಾಯಗೊಂಡ ಸಾಕ್ಷಿಯಂತೆ ಕಾಣಬೇಕೆಂದು 1990ರಲ್ಲಿ ಚಂದ್ರಪ್ರಕಾಶ್ ಜೈನ್ ಪ್ರಕರಣದಲ್ಲೂ, ಸಣ್ಣಪುಟ್ಟ ವ್ಯತ್ಯಾಸಗಳ ನೆಪದಲ್ಲಿ ನಂಬಲರ್ಹ ಸಾಕ್ಷ್ಯವನ್ನು ತಳ್ಳಿಹಾಕಬಾರದೆಂದು 1996ರಲ್ಲಿ ಗುರ್ಮೀತ್ ಸಿಂಗ್ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಹೇಳಿತು. ‘ಸಾಕಾಗಬಹುದು’ ಎಂದರೆ ‘ಪರಿಶೀಲಿಸದೆ ಒಪ್ಪಬೇಕು’ ಎಂದಲ್ಲ.

ಮೇಲ್ಮನವಿ ನ್ಯಾಯಾಲಯ ಮುಖ್ಯವಾಗಿ ಆಕೆಯ ಮಾತನ್ನು ಆಕೆಯ ಹಿಂದಿನ ಮಾತಿನೊಂದಿಗೆ ಇಟ್ಟು ನೋಡುತ್ತದೆ: ಮೊದಲ ದೂರು, ಮ್ಯಾಜಿಸ್ಟ್ರೇಟರ ಮುಂದಿನ ಹೇಳಿಕೆ, ಮುಖ್ಯ ವಿಚಾರಣೆ (ಸರ್ಕಾರಿ ವಕೀಲರ ಪ್ರಶ್ನೆಗಳಿಗೆ ಆಕೆಯ ಉತ್ತರ), ಪಾಟಿ ಸವಾಲು (ಆರೋಪಿ ಪರ ವಕೀಲರ ಪ್ರಶ್ನೆಗಳಿಗೆ ಆಕೆಯ ಉತ್ತರ). ಕೃತ್ಯ ಯಾವುದು, ಮಾಡಿದವರು ಯಾರು ಎಂಬ ತಿರುಳು ಈ ನಾಲ್ಕರಲ್ಲೂ ಉಳಿದಿದ್ದರೆ, ಗಂಟೆ, ಬಟ್ಟೆಯ ಬಣ್ಣ, ದಾರಿಯ ಅಂತರ ಇವುಗಳ ವ್ಯತ್ಯಾಸಕ್ಕೆ ಹೆಚ್ಚು ತೂಕವಿಲ್ಲ. ಆದರೆ ದೂರಿನಲ್ಲಿ ಹೆಸರೇ ಇಲ್ಲದ ಆರೋಪಿ ವಿಚಾರಣೆಯಲ್ಲಿ ವಿವರಣೆಯಿಲ್ಲದೆ ಕಾಣಿಸಿಕೊಂಡರೆ ಆಗ ಪೂರಕ ಸಾಕ್ಷ್ಯ ಹುಡುಕಲೇಬೇಕಾಗುತ್ತದೆ.

ದೂರು ತಡವಾದುದನ್ನೂ ಹೀಗೆಯೇ ನೋಡಬೇಕು. ನಮ್ಮ ಕಡೆ ಕಾಫಿ ತೋಟದ ಲೈನ್ ಮನೆಯಲ್ಲಿ (ಕಾರ್ಮಿಕರ ಸಾಲು ಮನೆಯಲ್ಲಿ) ಇರುವವಳಿಗೆ ಕೂಲಿಯೂ ಸೂರೂ ತೋಟದ ಮಾಲೀಕರಿಂದಲೇ ಬರುವಾಗ, ಠಾಣೆಗೆ ಹೋಗಲು ದಿನಗಳು ಹಿಡಿದವು ಎಂಬುದೇ ಸುಳ್ಳಿನ ಗುರುತಾಗದು. ಆ ಪರಿಸ್ಥಿತಿ ಮಾತ್ರ ಸಾಕ್ಷ್ಯದ ಮೂಲಕ ಕಡತಕ್ಕೆ ಬಂದಿರಬೇಕು.

ಉತ್ತರ: ನಿವೃತ್ತ ಶಿರಸ್ತೇದಾರ, ಸಕಲೇಶಪುರ

ಕಡತದ ಬಗ್ಗೆ ಒಂದು ಮಾತು. ಸೆಷನ್ಸ್ ವಿಚಾರಣೆಯಲ್ಲಿ ಸಾಕ್ಷ್ಯವನ್ನು ಸಾಮಾನ್ಯವಾಗಿ ಕಥನ ರೂಪದಲ್ಲಿ ದಾಖಲಿಸುತ್ತಾರೆ. ಪ್ರಶ್ನೋತ್ತರ ರೂಪ ನ್ಯಾಯಾಧೀಶರ ವಿವೇಚನೆಗೆ ಬಿಟ್ಟದ್ದು. ಹೀಗಾಗಿ ಅರ್ಧ ಗಂಟೆಯ ಪಾಟಿ ಸವಾಲು ಹೈಕೋರ್ಟಿಗೆ ಹೋಗುವಾಗ ‘ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ’ ಎಂಬಂಥ ಸಾಲುಗಳಾಗಿರುತ್ತದೆ. ಆಕೆ ಅತ್ತದ್ದು, ಉತ್ತರಿಸಲು ತಡವರಿಸಿದ್ದು ಅಲ್ಲಿರುವುದಿಲ್ಲ. ಸಾಕ್ಷಿಯ ಹಾವಭಾವದ ಬಗ್ಗೆ ಟಿಪ್ಪಣಿ ಬರೆಯಲು ದಂಡ ಪ್ರಕ್ರಿಯಾ ಸಂಹಿತೆಯ 280ನೇ ಕಲಂ ಅವಕಾಶ ಕೊಟ್ಟಿತ್ತು. ಅದನ್ನು ಬಳಸಿದ ಕಡತಗಳು ನನ್ನ ಕೈಗೆ ಬಂದದ್ದು ಬಹಳ ಕಡಿಮೆ. ತಮ್ಮ ಪ್ರಶ್ನೆಯ ಅರ್ಧ ಕಷ್ಟ ಇಲ್ಲೇ ಇದೆ ಎಂದು ನನ್ನ ಎಣಿಕೆ.

ಉತ್ತರ: ಆರೋಪಿಗಳ ಪರ ವಕೀಲೆ, ಹಾಸನ

ಚಿಕ್ಕಮಗಳೂರಿನ ಮಾನ್ಯರ ಮಾತಿಗೆ ಒಂದು ತಿದ್ದುಪಡಿ ಬೇಕು. 2012ರ ರಾಯ್ ಸಂದೀಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅತ್ಯುನ್ನತ ಗುಣಮಟ್ಟದ ಸಾಕ್ಷಿ ಮೊದಲ ಹೇಳಿಕೆಯಿಂದ ಕೊನೆಯವರೆಗೂ ಒಂದೇ ರೀತಿ ನುಡಿಯಬೇಕು, ಆ ನುಡಿ ಉಳಿದ ಸಾಕ್ಷ್ಯಗಳಿಗೂ ಹೊಂದಬೇಕು ಎಂದಿತು. ವೈದ್ಯಕೀಯ ವರದಿ ವಿರುದ್ಧ ದಿಕ್ಕಿನಲ್ಲಿದ್ದರೆ ಅದನ್ನು ಬದಿಗಿಡಲಾಗದು. ಸುಳ್ಳು ಆರೋಪದಿಂದ ಆರೋಪಿಗೂ ಅಷ್ಟೇ ಆಘಾತವಾಗಬಹುದೆಂದು 2008ರ ರಾಜು ಪ್ರಕರಣ ಎಚ್ಚರಿಸಿದೆ.

ಉತ್ತರ: ವಕೀಲ, ಚಿಕ್ಕಮಗಳೂರು

ಮೇಡಂ, ಆ ಮಾನದಂಡವನ್ನು ಒಪ್ಪುತ್ತೇನೆ. ಆದರೆ ಅದನ್ನು ಮುಟ್ಟದ ಸಾಕ್ಷ್ಯವೆಲ್ಲ ತಿರಸ್ಕಾರಯೋಗ್ಯ ಎಂಬ ವಾದವನ್ನು ಒಪ್ಪಲಾರೆ. 1957ರ ವಡಿವೇಲು ತೇವರ್ ತೀರ್ಪು ಪೂರ್ಣ ನಂಬಲರ್ಹ, ಪೂರ್ಣ ನಂಬಲನರ್ಹ ಎಂಬ ಎರಡರ ನಡುವೆ ಮೂರನೆಯ ವರ್ಗವನ್ನೂ ಇಟ್ಟಿದೆ. ಪೂರಕ ಸಾಕ್ಷ್ಯದ ಅಗತ್ಯ ಬೀಳುವುದು ಅಲ್ಲಿಯೇ. ಗಾಯವಿಲ್ಲದ ವೈದ್ಯಕೀಯ ವರದಿಯೂ ತನ್ನಷ್ಟಕ್ಕೆ ‘ವಿರುದ್ಧ’ ವರದಿಯಲ್ಲ.

ಪ್ರಶ್ನೆ ಕೇಳಿದವರಿಗೆ ಇನ್ನೊಂದು ವಿಷಯ: ಖುಲಾಸೆಯ ವಿರುದ್ಧದ ಮೇಲ್ಮನವಿಯಲ್ಲೂ ಹೈಕೋರ್ಟ್ ಇಡೀ ಸಾಕ್ಷ್ಯವನ್ನು ಮರುಪರಿಶೀಲಿಸಬಹುದು. ಆದರೆ ಖುಲಾಸೆಯಿಂದ ನಿರಪರಾಧಿತ್ವದ ಊಹೆ ಇಮ್ಮಡಿಯಾಗಿರುವುದರಿಂದ, ಎರಡು ಸಮಂಜಸ ಅಭಿಪ್ರಾಯಗಳು ಸಾಧ್ಯವಿದ್ದಾಗ ಕೆಳ ನ್ಯಾಯಾಲಯದ್ದನ್ನು ಕದಲಿಸಬಾರದೆಂದು 2007ರ ಚಂದ್ರಪ್ಪ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣ ಹೇಳುತ್ತದೆ. ಇಂಥ ಮೇಲ್ಮನವಿಯನ್ನು ನೊಂದವರೇ ಸಲ್ಲಿಸಬಹುದು; ಅದಕ್ಕೆ ಹೈಕೋರ್ಟಿನ ಪೂರ್ವಾನುಮತಿ ಬೇಕಿಲ್ಲವೆಂದು 2018ರಲ್ಲಿ, ಕರ್ನಾಟಕದಿಂದಲೇ ಹೋದ ಮಲ್ಲಿಕಾರ್ಜುನ ಕೊಡಗಲಿ ಪ್ರಕರಣದಲ್ಲಿ ಇತ್ಯರ್ಥವಾಯಿತು.